ಮೊದಲಿಂದ ಹೇಳು

ಕಳೆದ ವರ್ಷ ನರಸಿಂಹರಾಜಪುರದಲ್ಲಿ ನನ್ನ ಗೆಳತಿ ತೀರಿಕೊಂಡಳು. ಅವಳು ಎಚ್ಚರದಲ್ಲಿ ಕೊನೆಯದಾಗಿ ಹೇಳುತ್ತಿದ್ದದ್ದು ಒಂದು ಪ್ರಾರ್ಥನೆ. ಅದನ್ನು ಅವಳು ಮುಗಿಸದ ಹಾಗೆ ಮಾಡಿದವಳು ನಾನು. ಇಷ್ಟನ್ನು ನೇರವಾಗಿ ಬರೆಯುವುದಕ್ಕೆ ನನಗೆ ಹನ್ನೊಂದು ತಿಂಗಳು ಬೇಕಾಯಿತು.

ನಾವಿಬ್ಬರೂ ಘಟ್ಟದ ಕೆಳಗಿನ ಒಂದು ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿ ಓದಿದವರು. ಅವಳದು ಕ್ಯಾಥೊಲಿಕ್ ಮನೆ. ಅಪ್ಪ ಕೇರಳದಿಂದ ಬಂದು ಎನ್.ಆರ್.ಪುರದ ಹತ್ತಿರ ರಬ್ಬರ್ ಹಾಕಿದವರು. ನಾನು ಶೃಂಗೇರಿಯವಳು, ಮನೆಯ ಜಗಲಿಯಲ್ಲಿ ಹುಡುಗರನ್ನು ಕೂರಿಸಿಕೊಂಡು ವೇದಪಾಠ ಹೇಳುತ್ತಿದ್ದ ಭಟ್ಟರ ಮಗಳು. ನನ್ನನ್ನು ಸಿಸ್ಟರ್‌ಗಳ ಹತ್ತಿರ ಬಿಡುವುದೆಂದು ಆದಾಗ ಅಜ್ಜಿ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅಪ್ಪ ಒಮ್ಮೆ ಘಟ್ಟ ಇಳಿದು ಹೋಗಿ, ಕ್ಲಾಸಿನ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡು ಬಂದರಂತೆ.

"ಅಲ್ಲೂ ಪುಸ್ತಕ ಮುಚ್ಚಿಸಿಯೇ ಕೇಳ್ತಾರೆ. ಒಂದಕ್ಷರ ತಪ್ಪಿದ್ರೆ ಮೊದಲಿಂದ ಹೇಳಿಸ್ತಾರೆ. ನಮ್ಮದೇ ಕ್ರಮ. ಕೂಸು ಹೋಗ್ಲಿ," ಎಂದರಂತೆ ಅಜ್ಜಿಗೆ.

ನಮ್ಮದೇ ಕ್ರಮ ಎನ್ನುವುದು ನಿಜವಾಗಿತ್ತು. ಸಂಜೆ ಸ್ಟಡಿ ಅವರ್ ಮುಗಿದ ಮೇಲೆ ಹುಡುಗಿಯರು ಜೋಡಿಜೋಡಿಯಾಗಿ ಕೂತು ಪಾಠ ಒಪ್ಪಿಸಬೇಕು. ಒಬ್ಬಳು ಹೇಳುವವಳು, ಇನ್ನೊಬ್ಬಳು ಕೇಳುವವಳು. ಕೇಳುವವಳಿಗೆ ಎರಡು ರೂಲ್ಸ್. ತಪ್ಪು ಬಂದ ಕೂಡಲೇ "ಫ್ರಮ್ ದ ಬಿಗಿನಿಂಗ್" ಅನ್ನಬೇಕು. ಮತ್ತೆ, ಎಷ್ಟೇ ತಡವರಿಸಲಿ, ಮುಂದಿನ ಪದ ಹೇಳಿಕೊಡಕೂಡದು. ಹೇಳಿಕೊಟ್ಟರೆ ಇಬ್ಬರಿಗೂ ಸಪ್ಪರ್ ತಡ.

ಹಿಂದೂ ಹುಡುಗಿಯರಿಗೆ ಮಾರಲ್ ಸೈನ್ಸ್ ಇತ್ತು, ಕ್ಯಾಥೊಲಿಕರ ಧರ್ಮಪಾಠವಾದ ಕ್ಯಾಟೆಕಿಸಂ ಇರಲಿಲ್ಲ. ಆದರೂ ನನ್ನನ್ನು ಅವಳ ಜೋಡಿ ಮಾಡಿದರು. ಬಾಯಿಪಾಠದಲ್ಲಿ ಇಡೀ ಕ್ಲಾಸಿಗೆ ನಾನು ಮುಂದು, ಅವಳು ಕಟ್ಟಕಡೆ. ಅವಳಿಂದ ಹೇಳಿಸಿ ಹೇಳಿಸಿ ಅವಳ ಧರ್ಮದ ಪ್ರಶ್ನೋತ್ತರವೆಲ್ಲ ನನಗೇ ಬಂದುಬಿಟ್ಟಿತು. ಸಿಸ್ಟರ್ ಬರೀ ಪ್ರಶ್ನೆಯ ನಂಬರ್ ಹೇಳಿದರೆ ಸಾಕು, ನಾನು ಉತ್ತರ ಹೇಳುತ್ತಿದ್ದೆ.

"ಭಟ್ರ ಮಗಳೇ, ನನ್ನ ಧರ್ಮ ಪೂರ್ತಿ ನೀನೇ ಇಟ್ಕೊ ಮಾರಾಯ್ತಿ. ನಿನ್ನ ಅಮ್ಮ ಕಳಿಸಿದ ಕೋಡುಬಳೆ ನಂಗೆ ಕೊಡು," ಅನ್ನುತ್ತಿದ್ದಳು ಅವಳು.

ಅವಳು ಚಾಪೆಲ್‌ನಲ್ಲಿ ಮಂಡಿಯೂರಿದರೆ ಎಬ್ಬಿಸಬೇಕಾಗುತ್ತಿತ್ತು. ತುಟಿ ಅಲ್ಲಾಡುತ್ತಿರಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಅದೇನು ಅಷ್ಟು ಹೊತ್ತು ಎಂದು ಕೇಳಿದರೆ "ಎಂತದೂ ಇಲ್ಲ, ಇದ್ದೆ ಅಷ್ಟೆ" ಅನ್ನುವಳು. ನನಗೆ ಆ "ಇದ್ದೆ" ಎಂದರೇನೆಂದು ಗೊತ್ತಾಗಲಿಲ್ಲ. ಮೊದಲು ಬೈ ಹಾರ್ಟ್ ಆಗಲಿ, ಉಳಿದದ್ದು ಆಮೇಲೆ ತಾನಾಗಿ ಬರುತ್ತದೆ ಎಂದು ಸಿಸ್ಟರ್ ಹೇಳಿದ್ದರು. ಜಗಲಿಯ ಹುಡುಗರಿಗೆ ಅಪ್ಪನೂ ಅದನ್ನೇ ಹೇಳುತ್ತಿದ್ದರು. ನಾನು ಎರಡೂ ಕಡೆಯದನ್ನು ಬಾಯಲ್ಲಿಟ್ಟುಕೊಂಡು ಕಾದೆ. ಕೊಪ್ಪದಲ್ಲಿ ಮದುವೆಯಾಗಿ, ಅಲ್ಲೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿ, ಅದೇ ಕ್ರಮದಲ್ಲಿ ಮಕ್ಕಳಿಂದ ಹೇಳಿಸಿ, ರಿಟೈರ್ ಕೂಡ ಆದೆ. ಏನೂ ಬರಲಿಲ್ಲ.

ಅವಳಿಗೆ ಶ್ವಾಸಕೋಶದ ಕಾಯಿಲೆ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಆ ದಿನ ನಾನು ಬೆಳಗಿನ ಬಸ್ಸಿಗೆ ಹೋದಾಗ ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಆಕ್ಸಿಜನ್ ಮಷೀನು ಬುಸುಗುಡುತ್ತಿತ್ತು.

"ಬಂದ್ಯಾ? ಕೂತ್ಕೊ. ಪಾಠ ಒಪ್ಪಿಸ್ತೆ, ಕೇಳು."

"ಈಗ ಎಂತ ಪಾಠ ಮಾರಾಯ್ತಿ? ಸುಮ್ನೆ ಮಲಗು."

"ನಾಲ್ಕು ಗಂಟೆಗೆ ಫಾದರ್ ಬರ್ತಾರೆ, ಕೊನೆಯ ಎಣ್ಣೆ ಹಚ್ಚಕ್ಕೆ. ಕನ್ಫೆಶನ್ ಆದ್ಮೇಲೆ ಪಶ್ಚಾತ್ತಾಪದ ಪ್ರೇಯರ್ ನಾನೇ ಹೇಳ್ಬೇಕು. ನೀನು ಒಂದ್ಸಲ ಕೇಳಿ ಸರಿ ಮಾಡು."

ಬಾಗಿಲಲ್ಲಿ ನಿಂತಿದ್ದ ಅವಳ ಮಗಳು, "ಅಮ್ಮ, ಮಲಯಾಳದಲ್ಲೇ ಹೇಳು, ಸಾಕು. ಇಲ್ದಿದ್ರೆ ಫಾದರೇ ಹೇಳ್ತಾರೆ," ಎಂದಳು.

"ಬೇಡ. ಫಸ್ಟ್ ಕನ್ಫೆಶನ್‌ಗೆ ಇಂಗ್ಲಿಷಲ್ಲಿ ಕಲ್ತಿದ್ದು, ಲಾಸ್ಟಿಗೂ ಅದ್ರಲ್ಲೇ ಹೇಳ್ತೆ. ನೀ ಹೋಗಿ ಗಂಜಿ ನೋಡು."

ಆ ಪ್ರಾರ್ಥನೆ ಚಿಕ್ಕದು. ನಿನ್ನ ಮನಸ್ಸು ನೋಯಿಸಿದೆ ದೇವರೇ ಎಂದು ಶುರು. ಆಮೇಲೆ ಅದಕ್ಕೆ ದುಃಖಪಡಲು ಎರಡು ಕಾರಣ: ಮೊದಲನೆಯದು ನರಕದ ಭಯ, ಎರಡನೆಯದು ದೇವರ ಮೇಲಿನ ಪ್ರೀತಿ. ಕಡೆಯಲ್ಲಿ, ಇನ್ನು ಮುಂದೆ ತಪ್ಪು ಮಾಡುವುದಿಲ್ಲ ಎನ್ನುವ ಸಂಕಲ್ಪ. ಅವಳು ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ನರಕದ ಸಾಲನ್ನು ಬಿಟ್ಟು ಸೀದಾ ಪ್ರೀತಿಯ ಸಾಲಿಗೆ ಹೋದಳು.

"ಸಾಲು ಬಿಟ್ಟೆ. ಫ್ರಮ್ ದ ಬಿಗಿನಿಂಗ್," ಅಂದೆ.

ಯೋಚನೆ ಮಾಡಿ ಅಂದದ್ದಲ್ಲ. ಬಾಯಿಗೆ ಅಷ್ಟು ವರ್ಷದ ಅಭ್ಯಾಸ.

"ಯೆಸ್ ಮಿಸ್," ಎಂದು ನಕ್ಕಳು. ಮೊದಲಿಂದ ಹೇಳಿದಳು. ಮತ್ತೆ ಅದೇ ಸಾಲು ಬಿಟ್ಟಳು. ನಾನು ಮತ್ತೆ ಹಿಂದಕ್ಕೆ ಕಳಿಸಿದೆ. ಈ ಸಲ ನಗಲಿಲ್ಲ. ಮೂರನೆಯ ಸಲ ಸರಿಯಾಗಿ ನರಕದ ಸಾಲಿಗೇ ಬಂದಳು. ಆ ಪದ ಹೇಳಿ ನಿಂತಳು. ಮುಂದಿನದು ನೆನಪಾಗಲಿಲ್ಲವೋ, ಉಸಿರು ಸಾಲಲಿಲ್ಲವೋ ಗೊತ್ತಿಲ್ಲ. ನನ್ನ ಮುಖ ನೋಡಿದಳು. ಮುಂದಿನ ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಕೊಡಲಿಲ್ಲ. ಅವಳೇ ಹೇಳಲಿ ಎಂದು ಕಾದೆ.

ಅವಳು ಕಣ್ಣು ಮುಚ್ಚಿಕೊಂಡಳು. ಸುಸ್ತಾಗಿ ನಿದ್ದೆ ಹತ್ತಿತು ಅಂದುಕೊಂಡೆ. ಮಗಳು ಗಂಜಿ ತಂದು ಎಬ್ಬಿಸಿದರೆ ಏಳಲಿಲ್ಲ. ಫಾದರ್ ಬಂದು ಎಣ್ಣೆ ಹಚ್ಚಿ, ಹೇಳಬೇಕಾದ್ದನ್ನೆಲ್ಲ ತಾವೇ ಹೇಳಿದರು. ಮಾರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಮಣ್ಣಾದ ಮೇಲೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು. "ಅಯ್ಯೋ ಆಂಟಿ, ಅಮ್ಮನಿಗೆ ಅದು ಖುಷಿಯೇ ಆಗಿರ್ತದೆ. ನಿಮ್ಮಿಬ್ಬರ ಸ್ಕೂಲಿನ ಆಟ ಅದು." ಅವಳು ಬೈದಿದ್ದರೆ ಚೆನ್ನಾಗಿತ್ತು. ಆಟ ಅಲ್ಲ ಮಗಳೇ ಎಂದು ಬಿಡಿಸಿ ಹೇಳಲು ಹೊರಟರೆ ಅವಳಿಗೆ ಅದರ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯುವವಳು ಒಬ್ಬಳಿದ್ದಳು.

ಒಂದು ತಿಂಗಳು ತಡೆದು, ಒಂದು ಮಂಗಳವಾರ ಅವಳ ಚರ್ಚಿಗೇ ಹೋದೆ. ಫಾದರ್ ಹೂವಿನ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ನನಗೆ ಕನ್ಫೆಶನ್ ಬೇಕು ಅಂದೆ.

"ಅಮ್ಮ, ನಿಮಗೆ ಬ್ಯಾಪ್ಟಿಸಂ ಆಗಿಲ್ಲ ಅಲ್ವಾ?"

"ಇಲ್ಲ."

"ಕೂತ್ಕೊಂಡು ಹೇಳಿ, ನಾನು ಕೇಳ್ತೇನೆ. ಆದ್ರೆ ಪಾಪ ಕ್ಷಮಿಸಿದೆ ಅಂತ ಹೇಳೋ ಅಧಿಕಾರ ನನಗೆ ಬರಲ್ಲ."

ಅದು ನನಗೆ ಗೊತ್ತಿತ್ತು. ಆ ಪ್ರಶ್ನೋತ್ತರವೂ ನಂಬರ್ ಸಮೇತ ಬರುತ್ತದೆ. ನಮ್ಮ ಕಡೆ ಹೋದರೆ, ಶೃಂಗೇರಿಯಲ್ಲಿ ಪೌರೋಹಿತ್ಯ ಮಾಡುವ ಅಣ್ಣನ ಮಗನೇ ಇದ್ದಾನೆ. "ಅತ್ತೆ, ಪಾಠ ತಪ್ಪಾಯ್ತು ಅಂದದ್ದಕ್ಕೆಲ್ಲ ಎಂತ ಪ್ರಾಯಶ್ಚಿತ್ತ?" ಅನ್ನುತ್ತಾನೆ. ಹಾಗಾಗಿ ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ಹೇಳಿದೆ.

ಫಾದರ್ ಪೈಪು ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಸಮಾಧಾನಕ್ಕೆಂದೇ ಹೇಳಿದರು: "ಅವರ ಬಗ್ಗೆ ಚಿಂತೆ ಮಾಡ್ಬೇಡಿ. ಭಯದ ಸಾಲು ಬಿಟ್ಟು ಪ್ರೀತಿಯ ಸಾಲಿಗೆ ಹೋದ್ರಲ್ಲ, ಅದಕ್ಕಿಂತ ದೊಡ್ಡ ಪಶ್ಚಾತ್ತಾಪ ಇಲ್ಲ. ಪರ್ಫೆಕ್ಟ್ ಕಂಟ್ರಿಷನ್ ಅಂದ್ರೆ ಅದೇ."

ಆ ಉತ್ತರವೂ ನನ್ನ ಬಾಯಲ್ಲಿತ್ತು. ಭಯದಿಂದ ಬರುವ ಪಶ್ಚಾತ್ತಾಪ ಅರೆ, ಪ್ರೀತಿಯಿಂದ ಬರುವುದು ಪೂರ್ಣ. ಅವಳಿಂದ ಎಷ್ಟು ಸಲ ಹೇಳಿಸಿದ್ದೇನೋ ಲೆಕ್ಕವಿಲ್ಲ. ಅಂಥವಳನ್ನು ಎರಡು ಸಲ ಪ್ರೀತಿಯ ಸಾಲಿನಿಂದ ವಾಪಸು ಕರೆದು, ನರಕದ ಹತ್ತಿರ ನಿಲ್ಲಿಸಿ, ಮುಂದಿನ ಪದ ಕೊಡದೆ ಕೂತಿದ್ದೆ.

"ಬೇಕಾದ್ರೆ ಒಳಗೆ ಹೋಗಿ ಅವರ ಪರವಾಗಿ ನೀವೇ ಅದನ್ನ ಹೇಳಿ ಮುಗಿಸಿ," ಎಂದರು ಫಾದರ್.

ಹೋದೆ. ಚರ್ಚ್ ಖಾಲಿ ಇತ್ತು. ಮಂಡಿ ಮಡಚಲು ಬರುವುದಿಲ್ಲ, ಬೆಂಚು ಹಿಡಿದು ನಿಂತೆ. ಶುರುವಿನಿಂದ ಕಡೆಯವರೆಗೆ ಒಂದಕ್ಷರ ತಪ್ಪದೆ ಹೇಳಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಅವಳ ಹಾಗೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಇರಲು ನೋಡಿದೆ. ಕಣ್ಣಿನೊಳಗೆ ಕತ್ತಲೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕಿಕೊಂಡು, ಕೊಪ್ಪದ ಬಸ್ಸು ಎಷ್ಟು ಹೊತ್ತಿಗೆ ಎಂದು ಫಾದರ್ ಹತ್ತಿರ ಕೇಳಿದೆ.