ಮೀಸೆ ಬಿಟ್ಟ ರಾಣಿ

ಸೊಲ್ಲಾಪುರಕ್ಕೆ ಬಂದ ಹೊಸತರಲ್ಲಿ ಬಾಡಿಗೆಗೆ ಕೋಣೆ ಕೇಳಲು ಹೋದಾಗ ಮನೆಯೊಡತಿ ಕಾಶೀಬಾಯಿ ನನ್ನ ಮುಖ ನೋಡಿ, "ತಂದಿ ತೀರಕೊಂಡು ಎಷ್ಟ ದಿನಾ ಆತ್ರಿ?" ಎಂದು ಕೇಳಿದರು.

ಕುಮಟೆಯಲ್ಲಿ ತಂದೆ ಗಟ್ಟಿಮುಟ್ಟಾಗಿದ್ದರು. ನನ್ನ ಬೋಳಿಸಿದ ಮೀಸೆಯೇ ಆ ಪ್ರಶ್ನೆಗೆ ಕಾರಣವೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ನಾಟಕದಲ್ಲಿ ಹೆಣ್ಣು ಪಾತ್ರ ಮಾಡುತ್ತೇನೆ ಎಂದೆ. "ಅಗಬಾಯಿ!" ಎಂದು ನಕ್ಕರು. ಮರಾಠಿಯ ಈ ಉದ್ಗಾರ ನಮ್ಮ 'ಅಯ್ಯೋ'ಗೂ 'ಅಬ್ಬಾ'ಗೂ ನಡುವಿನದು. ಕೋಣೆಯನ್ನೇನೋ ಕೊಟ್ಟರು.

ಧಾರವಾಡದಲ್ಲಿ ಬಿ.ಎ. ಮುಗಿಸಿ ನಾನು ಇಲ್ಲಿನ ಮುನಿಸಿಪಾಲಿಟಿಗೆ ಸೇರಿದ್ದೆ. ಪೇಟೆಯ ತಕ್ಕಡಿ, ತೂಕದ ಕಲ್ಲುಗಳ ತಪಾಸಣೆ ನನ್ನ ಕೆಲಸ. ಕಡಲ ದಂಡೆಯ ನಮ್ಮೂರಿನವರಿಗೆ ಈ ಊರಿನ ಬಿಸಿಲು ಹೇಗೆ ಹೇಳಲಿ? ನಮ್ಮಲ್ಲಿ ಬೆವರು ಆರುವುದೇ ಇಲ್ಲ. ಇಲ್ಲಿ ಮೂಡುವಷ್ಟರಲ್ಲೇ ಒಣಗಿ ಅಂಗಿಯ ಮೇಲೆ ಉಪ್ಪಾಗುತ್ತದೆ. ಗಂಜಿ ಉಂಡು ಬೆಳೆದ ದವಡೆಗೆ ಭಾಕರಿ, ಅಂದರೆ ಜೋಳದ ರೊಟ್ಟಿ, ಬಹಳ ದಿನ ನೋವು ಕೊಟ್ಟಿತು. ಶೇಂಗಾ ಚಟ್ನಿಯ ರುಚಿ ಹತ್ತಿದ ಮೇಲೆ ಅದೂ ಇಳಿಯತೊಡಗಿತು.

ಕಚೇರಿ ಮುಗಿದ ಮೇಲೆ ವ್ಯಾಪಾರಿ ಮಲ್ಲಪ್ಪನವರ ಮಾಳಿಗೆಯಲ್ಲಿ ಕನ್ನಡ ನಾಟಕದ ತಾಲೀಮು. ನಾನು ರಾಣಿ. ಹಗಲು ಪೇಟೆಗೆ ಹೋದರೆ ಅಂಗಡಿಕಾರರು, "ರಾಣಿಸಾಹೇಬ್ರು ಬಂದ್ರು, ಖುರ್ಚಿ ಹಾಕ್ರಿ" ಎನ್ನುತ್ತಿದ್ದರು. ನಗುನಗುತ್ತಲೇ ಸವೆದ ಕಲ್ಲುಗಳನ್ನು ಹಿಂದಕ್ಕೆ ಸರಿಸುತ್ತಿದ್ದರು. ಅಲ್ಲಿ ಕೂಗಾಡಿ ಕೆಟ್ಟ ಗಂಟಲು ಸಂಜೆ ರಾಣಿಗೆ ಒದಗುತ್ತಿರಲಿಲ್ಲ. ವರ್ಷಗಳು ಹೀಗೇ ಹೋದವು. ಎರಡು ಕಡೆಯೂ ಅರ್ಧವೇ ಆದೆ.

ಇನ್‌ಸ್ಪೆಕ್ಟರ್ ಜಾಗ ತೆರವಾದಾಗ ಸಾಹೇಬರು ಕರೆದು, ಮೀಸೆ ಬಿಟ್ಟು ನಾಟಕ ಬಿಟ್ಟರೆ ಜಾಗ ನಿಮ್ಮದೇ ಎಂದರು. ಅವರಾಡಿದ ಮರಾಠಿಯಲ್ಲಿ ಬೆಳೆಸುವುದಕ್ಕೂ ತೊರೆಯುವುದಕ್ಕೂ ಬೇರೆ ಬೇರೆ ಮಾತು, ಕನ್ನಡದಲ್ಲಿ ಎರಡೂ 'ಬಿಡುವುದೇ'. ವಿಚಾರ ಮಾಡುತ್ತೇನೆಂದು ಬಂದೆ.

ನಿರ್ಧಾರ ನನ್ನ ಕೈಗೆ ಬರಲೇ ಇಲ್ಲ. ಅದೇ ವಾರ ಮಲ್ಲಪ್ಪನವರು ವಳಸಂಗದ ಹಾಡುಗಾರ್ತಿ ರತ್ನಾಬಾಯಿಯನ್ನು ತಾಲೀಮಿಗೆ ಕರೆತಂದರು.

"ಹೆಣ್ಣಿನ ಪಾರ್ಟ ಹೆಣ್ಮಕ್ಕಳಽ ಮಾಡಬೇಕಂತ ಜನಾ ಅಂತಾರ್ರಿ. ನೀವಽ ಕಲಸ್ರಿ ಮಾಸ್ತರ."

ಹೊರೆ ಇಳಿಯಿತೆನ್ನಿಸಿತು, ಆದರೂ ರಾಣಿಯ ಮಾತಿನ ವಹಿಯನ್ನು ಕೈಬಿಡಲು ಮನಸ್ಸಾಗಲಿಲ್ಲ. ಆಕೆಗೆ ಕನ್ನಡ ಓದಲು ಬಾರದು. ನಾನು ಹೇಳಿದ್ದನ್ನು ಮರಾಠಿ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದಳು. ರಾಜ ರಾಣಿಯನ್ನು ಹೊರಹಾಕುವ ದೃಶ್ಯದ ಉದ್ದನೆಯ ಮಾತು ಬಂದಾಗ ಲೇಖನಿ ಕೆಳಗಿಟ್ಟಳು.

"ಇಷ್ಟ ದುಃಖ ಆದಾಕಿ ಇಷ್ಟ ಉದ್ದಾ ಮಾತಾಡ್ತಾಳೇನ್ರಿ?"

"ಬರೆದದ್ದನ್ನು ಹೇಳಿ, ಸಾಕು" ಎಂದು ಗದರಿದೆ. ನನಗೆ ಚಪ್ಪಾಳೆ ತಂದ ಮಾತು ಅದು.

ಅಕ್ಕಲಕೋಟೆಯಲ್ಲಿ ಪ್ರಯೋಗ. ಅಷ್ಟರಲ್ಲಿ ನಾನು ಇನ್‌ಸ್ಪೆಕ್ಟರನಾಗಿದ್ದೆ. ಚಿಗುರು ಮೀಸೆ ಹೊತ್ತು ಜನರ ನಡುವೆ ಕುಳಿತೆ. ಆಕೆ ನನ್ನದೇ ನಡಿಗೆಯಲ್ಲಿ ಬಂದಳು, ನನ್ನಂತೆಯೇ ಸೆರಗು ಹಿಡಿದಳು. ಆ ದೃಶ್ಯ ಬಂದಾಗ ಮಾತ್ರ ನಾನು ಕಲಿಸಿದ್ದೆಲ್ಲ ಬಿಟ್ಟು ನೆಲಕ್ಕೆ ಕುಳಿತು, "ನನ್ನ ಮನ್ಯಾಗ ನಾನಽ ಪರದೇಸಿ ಆದ್ನೆವ್ವಾ" ಎಂದಳು. ಅಷ್ಟೇ. ಪರದೇಸಿ ಎಂದರೆ ಈ ಕಡೆ ಹೊರನಾಡಿನವನಲ್ಲ, ಯಾರೂ ಇಲ್ಲದವನು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದ ರೈತನೊಬ್ಬ "ಖರೇ ಐತಿ ತಾಯಿ" ಎಂದು ಗೊಣಗಿದ. ನನ್ನ ರಾಣಿಗೆ ಯಾರೂ ಅತ್ತಿರಲಿಲ್ಲ. ಸಿಟ್ಟು ಬಂದದ್ದು ನಿಜ. ಕಣ್ಣು ತೇವವಾದದ್ದೂ ನಿಜ.

ಮರುದಿನ ರೈಲಿನಲ್ಲಿ ಆಕೆ ಎದುರಿಗೆ ಕುಳಿತು ಮೆಲ್ಲಗೆ ಕೇಳಿದಳು:

"ಸಿಟ್ಟಾಗೀರೇನ್ರಿ ಮಾಸ್ತರ? ಬರಸಿದ್ದು ಬಿಟ್ಟೆ."

"ಇಲ್ರೀ, ಬೇಷ್ ಆತು ಬಿಡ್ರಿ" ಎಂದೆ.

ಆಕೆ ನಕ್ಕಳು. "ನಿಮ್ಮ ಕುಮಟಾದಾಗೂ ಹಿಂಗಽ ಅಂತಾರೇನ್ರಿ?"

"ಇಲ್ಲ."

"ಮತ್ತ ನೀವೆಲ್ಲಿ ಕಲತ್ರಿ?"

ಕಲಿತದ್ದು ಎಲ್ಲಿ, ಯಾವಾಗ ಎಂದು ನನಗೇ ತಿಳಿಯದು. ಈ ಮಾತು ಮನೆಗೆ ಒಯ್ದರೆ ತಂದೆ ನಗುತ್ತಾರೆ. ಇಲ್ಲಿನವರಿಗೆ ನಾನು ಇಂದಿಗೂ 'ಕುಮಟಾದವ್ರು'. ಕಿಟಕಿಯಾಚೆ ಸೊಲ್ಲಾಪುರದ ಗಿರಣಿ ಚಿಮಣಿಗಳು ಕಾಣತೊಡಗಿದ್ದವು. ಇಳಿದು ನೇರವಾಗಿ ಪೇಟೆಗೆ ಹೋಗಬೇಕಿತ್ತು. ಆಕೆಯ 'ಪರದೇಸಿ' ಮಾತು ನೆನಪಾಗಿ, ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ.