ಸಂಘಮಿತ್ರಾ ಮೇಡಂ ಮತ್ತು ಮಾತು ಬಿಡದ ಅಜ್ಜಿ

ಡಾ. ಸಂಘಮಿತ್ರಾ ಅವರನ್ನು ಗೋಕಾಕದಲ್ಲಿ ‘ಹುಚ್ಚರ ಡಾಕ್ಟರ್’ ಎನ್ನುತ್ತಾರೆ, ಮೂಡಲಗಿಯಲ್ಲಿ ‘ಗುಳಿಗಿ ಕೊಡದ ಡಾಕ್ಟರ್’. ಎರಡನೆಯದರಲ್ಲಿ ಸ್ವಲ್ಪ ಸಿಟ್ಟೂ ಇದೆ. ಹುಕ್ಕೇರಿಯ ಹಿರಿಯರೊಬ್ಬರು ಮಾತ್ರ ಏನೂ ಅನ್ನದೆ ಬಿಪಿ ನೋಡಲೆಂದು ತೋಳು ಚಾಚಿದ್ದರು. ತಾನು ಮಾತಿನಿಂದ ಚಿಕಿತ್ಸೆ ಕೊಡುವವಳು ಎಂದು ಮೇಡಂ ವಿವರಿಸಿದಾಗ ಅವರು ಕೇಳಿದ್ದು ಒಂದೇ: “ಮಾತಾಡಾಕ ಸರಕಾರ ಪಗಾರ ಕೊಡ್ತೈತೇನ್ರಿ? ನಮ್ಮ ಮನ್ಯಾಗ ಪುಕ್ಸಟ್ಟೆ ಮಾತಾಡೋರು ಆರು ಮಂದಿ ಅದಾರ.”

ಮೇಡಂ ಅಂಕಲಗಿಯ ಕೂಲಿ ಹೆಣ್ಣುಮಗಳು ಸೀತವ್ವನ ಮಗಳು. ಹದಿನಾರರ ವಯಸ್ಸಿನಲ್ಲಿ ಅವರೇ ಒಂದು ವರ್ಷ ಮಂಕು ಹಿಡಿದವರಂತೆ ಮೂಲೆಯಲ್ಲಿ ಕೂತಿದ್ದರಂತೆ. ಊರು ತನಗೆ ಗೊತ್ತಿದ್ದ ಮದ್ದನ್ನೆಲ್ಲ ಕೊಟ್ಟಿತು: ಒಂದು ತಾಯತ, ಎರಡು ಬಾಟಲಿ ಸಲೈನ್, ಮತ್ತೆ ಬೇಕಾದಷ್ಟು ಬೈಗುಳ. ಸೀತವ್ವ ಮಾತ್ರ ಶೇಂಗಾ ಸುಲಿಯುತ್ತ ಮಗಳ ಬಾಜೂ ಕೂತು, “ಏನಾಗೇತಿ ಹೇಳವ್ವ” ಎಂದು ದಿನವೂ ಕೇಳಿದಳು. ಮಗಳು ಎದ್ದು ನಿಂತಳು, ಮುಂದೆ ಅದೇ ವಿಷಯದಲ್ಲಿ ಪಿಎಚ್‌ಡಿ ಮಾಡಿದಳು. ಸೀತವ್ವ ಇವತ್ತಿಗೂ ಹೇಳುತ್ತಾಳೆ: “ಇಷ್ಟಕ್ಕ ಐದು ವರ್ಷ ಓದಬೇಕಾತೇನು?”

ಈಗ ಘಟಪ್ರಭಾದಲ್ಲಿ ಅವರಿಗೊಂದು ಬಾಡಿಗೆ ಕೋಣೆಯ ಕಚೇರಿ ಇದೆ, ಖಿನ್ನತೆಯ ಹುಡುಗ ಹುಡುಗಿಯರಿಗೆ ಎಂಟು ವಾರ ಮಾತಿನ ಚಿಕಿತ್ಸೆ ಕೊಟ್ಟು ಫಲಿತಾಂಶ ಅಳೆಯುವ ಒಂದು ಯೋಜನೆ ಇದೆ, ಮತ್ತು ನಾನಿದ್ದೇನೆ. ನನ್ನ ಹೆಸರು ಉಮೇಶ. ಮನೆಯವರ ಒಪ್ಪಿಗೆಯಿಂದ ಧ್ವನಿಮುದ್ರಿಸಿಕೊಂಡ ಮಾತುಗಳನ್ನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬರೆದಿಳಿಸುವುದು ನನ್ನ ಕೆಲಸ. ಊರಿನ ದುಃಖವನ್ನೆಲ್ಲ ಟೈಪ್ ಮಾಡಿದವನು ನಾನು. ಆದ್ದರಿಂದ ನನ್ನ ಬಾಯಿ ಸ್ವಲ್ಪ ಹರಿತವಾಗಿದ್ದರೆ ಕ್ಷಮಿಸಬೇಕು.

ಮಕ್ಕಳನ್ನು ಆರಿಸಲು ಒಂಬತ್ತು ಪ್ರಶ್ನೆಗಳ ಹಾಳೆ ಇರುತ್ತದೆ. ದುಃಖ ಹೆಚ್ಚಿದ್ದಷ್ಟೂ ಅಂಕ ಹೆಚ್ಚು, ಒಟ್ಟು ಇಪ್ಪತ್ತೇಳು. ಮೂಡಲಗಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹಾಳೆಗಳನ್ನು ಕೊಟ್ಟು ಬಂದೆವು. ವಾರದ ನಂತರ ಹೋದಾಗ ಹೆಡ್‌ಮಾಸ್ತರರು ಹಾರ ತರಿಸಿಟ್ಟಿದ್ದರು. “ನಲವತ್ತೊಂದು ಮಂದಿ ಇಪ್ಪತ್ತೇಳಕ್ಕ ಇಪ್ಪತ್ತೇಳು ತಗೊಂಡಾರ್ರಿ ಮೇಡಂ! ನಾಕು ದಿನ ಸ್ಪೆಷಲ್ ಕ್ಲಾಸ್ ತಗೊಂಡೆ. ತಾಲ್ಲೂಕಿಗೆ ಫಸ್ಟ್ ನಾವ ಬರಬೇಕು ನೋಡ್ರಿ.” ಹತ್ತನೆಯ ತರಗತಿಯ ಫಲಿತಾಂಶಕ್ಕಾಗಿ ವರ್ಷವಿಡೀ ಮೇಲಿನವರಿಂದ ನೋಟಿಸು ತಿನ್ನುವ ಮನುಷ್ಯ ಅವರು. ಅಂಕ ಎಂದರೆ ಹೆಚ್ಚು ಬರಬೇಕು, ಅಷ್ಟೇ ಅವರಿಗೆ ಗೊತ್ತು. ಒಂದು ಹಾಳೆ ಮಾತ್ರ ಖಾಲಿ ಇತ್ತು. “ಆಕೀದು ಬಿಡ್ರಿ, ನಾಕು ತಿಂಗಳಾತು, ಬಾಯಿನ ಬಿಡವಲ್ಲಳು” ಎಂದು ಅವರು ನಾಚಿಕೊಂಡರು. ಮೇಡಂ ಆ ಒಂದು ಹಾಳೆಯನ್ನಷ್ಟೇ ಎತ್ತಿಕೊಂಡು ಹೊರಟರು.

ಹುಡುಗಿಯ ಹೆಸರು ಅರ್ಚನಾ, ವಯಸ್ಸು ಹದಿನೈದು. ಮನೆ ಕಲ್ಲೋಳಿಯಲ್ಲಿ, ಕುರಿ ಮತ್ತು ಹೊಲ ಎರಡೂ ಇರುವ ಕುಟುಂಬ. ಅಪ್ಪ ಸಿದ್ರಾಯ ನಮ್ಮನ್ನು ನಿಲ್ಲಿಸಿಯೇ ಹೇಳಿದ: “ಎಂಟು ವಾರ ನೋಡ್ತೇನ್ರಿ. ಆರಾಮಾಗಲಿಲ್ಲಂದ್ರ ಸಾಲಿ ಬಿಡಿಸಿ ಮದುವಿ ಮಾಡಿಬಿಡೋದು. ಮದುವಿ ಆದ್ರ ಎಲ್ಲಾ ಸರಿ ಹೋಗ್ತೈತಿ.” ಮೇಡಂ ಕಾನೂನು ಹೇಳಿದರು. ಕಾನೂನು ಬೆಳಗಾವಿಯಲ್ಲಿದೆ, ವರ ಪಕ್ಕದ ಊರಲ್ಲಿದ್ದಾನೆ ಎನ್ನುವಂತೆ ಸಿದ್ರಾಯ ನಕ್ಕ.

ಚಿಕಿತ್ಸೆಯಲ್ಲಿ ಹುಡುಗಿ ಒಬ್ಬಳೇ ಇರಬೇಕೆಂಬುದು ಪುಸ್ತಕದ ನಿಯಮ. ವಯಸ್ಸಿಗೆ ಬಂದ ಹುಡುಗಿಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಹೊರಗಿನವರ ಹತ್ತಿರ ಬಿಡಬಾರದೆಂಬುದು ಮನೆಯ ನಿಯಮ. ಪುಸ್ತಕ ಸೋತಿತು. ಅಜ್ಜಿ ಉದ್ದವ್ವ ಎಲೆ ಅಡಿಕೆಯ ಚೀಲದೊಂದಿಗೆ ಒಳಗೆ ಬಂದು ಕೂತಳು. ಮೊದಲ ಪ್ರಶ್ನೆಯನ್ನು ಚಿಕಿತ್ಸೆ ಕೊಡುವವರು ಕೇಳಬೇಕು, ಆದರೆ ಕೇಳಿದ್ದು ಅಜ್ಜಿ: “ನೀವು ಯಾರ ಪೈಕಿರಿ?” ಊರ ಹೊರಗಿನ ಕೇರಿಯವಳು ಎಂದು ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಉದ್ದವ್ವ ಸುಮ್ಮನಾದಳು. ಎಂಟು ವಾರದಲ್ಲಿ ಅವಳು ಸುಮ್ಮನಿದ್ದದ್ದು ಆಗ ಒಮ್ಮೆ ಮಾತ್ರ.

“ಅರ್ಚನಾ, ನಿನಗ ಹೆಂಗ ಅನ್ನಸ್ತೈತಿ?” ಎಂದು ಮೇಡಂ ಕೇಳಿದರೆ ಉತ್ತರ ಅಜ್ಜಿಯದು: “ಆಕಿಗೇನು ಧಾಡಿರಿ, ಹಾಲು ಮೊಸರು ಉಂಡು ಬೆಳದಾಕಿ. ನಮ್ಮ ಕಾಲಕ್ಕ...” ಅಲ್ಲಿಂದ ಅವಳ ಕಾಲ ಶುರುವಾಗುತ್ತಿತ್ತು. ಹನ್ನೊಂದಕ್ಕೆ ಮದುವೆ, ಕುರಿಯ ಹಿಂದೆ ಅಲೆದಾಟ, ದನಕ್ಕಿಂತ ಕಡೆಯಾಗಿ ಕಂಡ ಅತ್ತೆ. ಐದನೆಯ ವಾರ, ಹಿಂದೆ ಕುರಿಹಟ್ಟಿ ಹಾಕಿದ್ದ ಯಾವುದೋ ಬಯಲಿನಲ್ಲಿ ಮಣ್ಣು ಮಾಡಿ ಬಂದ ತನ್ನ ಮೊದಲ ಕೂಸಿನ ಮಾತೆತ್ತಿದಳು. ಮರುದಿನ ಕುರಿ ಮುಂದೆ ಹೋದವು, ಅವಳೂ ಹೋಗಬೇಕಾಯಿತು. ಐವತ್ತು ವರ್ಷ ಯಾರಿಗೂ ಹೇಳಿರಲಿಲ್ಲವಂತೆ, ಯಾರೂ ಕೇಳಿರಲಿಲ್ಲವಂತೆ. ಅದನ್ನು ಬರೆದಿಳಿಸುವಾಗ ನಾನು ಅತ್ತೆ. ಆದರೆ ಲೆಕ್ಕ ಲೆಕ್ಕವೇ: ಆ ವಾರ ಅಜ್ಜಿ ಐವತ್ತೆರಡು ನಿಮಿಷ, ಅರ್ಚನಾ ಒಂದು ಕೆಮ್ಮು.

ಎಂಟು ವಾರ ಮುಗಿದಾಗ ಚಿಕಿತ್ಸೆ ಅದ್ಭುತವಾಗಿ ಫಲಿಸಿತ್ತು. ಉದ್ದವ್ವನ ಎದೆಯುರಿ ಹೋಯಿತು, ಊಟ ಸೇರತೊಡಗಿತು, ಗೋಡೆಗೆ ಒರಗಿದರೆ ಸಾಕು ಗೊರಕೆ. ಓಣಿಯ ಹೆಂಗಸರಿಗೆ, “ಆ ಡಾಕ್ಟರ್ ಬಾಯಾರ ಕೈಗುಣ ಚಲೋ ಐತಿ, ನೀವೂ ಹೋಗ್ರಿ” ಎಂದು ಶಿಫಾರಸು ಮಾಡುತ್ತಿದ್ದಳು. ಅರ್ಚನಾ ಮಾತ್ರ ಇದ್ದ ಹಾಗೇ ಇದ್ದಳು, ಇನ್ನಷ್ಟು ಸೊರಗಿ. ಯೋಜನೆಯ ಉಸ್ತುವಾರಿಯ ಪ್ರೊಫೆಸರರು ಫೋನಿನಲ್ಲಿ, “ಆ ಕೇಸ್ ಕೈಬಿಡಿ, ಫಲಿತಾಂಶ ಕೆಡುತ್ತದೆ” ಎಂದರು. ಅತ್ತ ಸಿದ್ರಾಯ ಪಕ್ಕದ ಊರಿಗೆ ಹೇಳಿಕಳಿಸಿದ್ದ.

ಒಂಬತ್ತನೆಯ ವಾರ ಯೋಜನೆಯಲ್ಲಿ ಇರಲಿಲ್ಲ. ಮೇಡಂ ಆದರೂ ಹೋದರು, ನಾನು ಹಿಂದೆಯೇ ಹೋಗಿ ಪಡಸಾಲೆಯಲ್ಲಿ ಕೂತೆ. ಉದ್ದವ್ವ ಎಂದಿನಂತೆ ಕೋಣೆಯೊಳಗೆ ಹೋಗಿ ಬಾಯಿ ತೆರೆದಳು. ಮೇಡಂ ಆಗ ಯಾವ ಪುಸ್ತಕದಲ್ಲೂ ಇಲ್ಲದ ಕೆಲಸ ಮಾಡಿದರು.

“ಸಾಕು ಮಾಡಬೇ ಯಮ್ಮಾ. ಎಂಟು ವಾರ ನಿಂದ ಆತು. ನಿನ್ನ ಮಾತು ಯಾರೂ ಕೇಳಲಿಲ್ಲಂತ ಐವತ್ತು ವರ್ಷ ಸಂಕಟ ಪಟ್ಟಿ. ಈ ಕೂಸಿಗೂ ಐವತ್ತು ವರ್ಷ ಕಾಯಾಕ ಹಚ್ಚತಿ ಏನು?”

ಪಡಸಾಲೆಯಿಂದಲೇ ನಾನು ತೆರೆದ ಬಾಗಿಲೊಳಗೆ ಇಣುಕಿದೆ. ಹಿರಿಯಳಿಗೆ, ಅವಳದೇ ಮನೆಯಲ್ಲಿ, ಅದೂ ಊರ ಹೊರಗಿನ ಕೇರಿಯ ಹೆಣ್ಣುಮಗಳ ಬಾಯಿಂದ ಇಂಥ ಮಾತು! ಉದ್ದವ್ವನ ಮುಖ ಕೆಂಪಾಯಿತು. ಚೀಲ ಎತ್ತಿಕೊಂಡಳು, ಎದ್ದಳು, ಹೊರಗೆ ಬಂದು ತಾನೇ ಬಾಗಿಲು ಎಳೆದುಕೊಂಡು ಹೊಸ್ತಿಲ ಮೇಲೆ ಕೂತಳು.

ಸಿದ್ರಾಯ ಅಂಗಳದಿಂದ ಬಂದ. “ಏನಬೇ, ಹುಡುಗೀನ ಒಬ್ಬಾಕಿನ್ನ ಬಿಟ್ಟು ಬಂದಿ?”

“ಬಾಯಿ ಮುಚ್ಚೊ” ಎಂದಳು ಉದ್ದವ್ವ. “ಮೊದಲ ಆಕಿ ಮಾತು ಮುಗೀಲಿ. ನಿನ್ನ ಮದುವಿ ಮಾತು ನನ್ನ ಕೂಡ ಆಡೀಯಂತ.”

ಒಳಗೆ ಏನಾಯಿತೆಂಬುದು ನನಗೆ ಧ್ವನಿಮುದ್ರಣದಿಂದಷ್ಟೇ ಗೊತ್ತು. ಹನ್ನೆರಡು ನಿಮಿಷ ಏನೂ ಇಲ್ಲ, ಫ್ಯಾನಿನ ಸದ್ದು ಬಿಟ್ಟರೆ. ಮೇಡಂ ಒಂದು ಮಾತನ್ನೂ ಕೇಳಲಿಲ್ಲ. ಆಮೇಲೆ, ಬಳಕೆ ತಪ್ಪಿ ಒಡೆದುಹೋದ ದನಿಯಲ್ಲಿ:

“ಮೇಡಂ, ನಮ್ಮ ಅಜ್ಜಿಗಿ ಈಗ ನಿದ್ದಿ ಬರ್ತೈತ್ರಿ. ನಾನೂ ಎಲ್ಲಾ ಹೇಳಿದ್ರ, ನನಗೂ ಬರ್ತೈತೇನ್ರಿ?”

ಸಂಶೋಧಕರು ಅಂಥ ಖಾತ್ರಿ ಕೊಡುವಂತಿಲ್ಲ. ಮೇಡಂ ಕೊಟ್ಟರು.

“ಬರ್ತೈತವ್ವ. ಹೇಳು.”