ನೆಲ ನೋಡಿ ನಡೆದ ಸಂಜೀವಯ್ಯ ಮೇಷ್ಟ್ರು

ಸಂಜೀವಯ್ಯ ಮೇಷ್ಟ್ರು ತಲೆಯೆತ್ತಿ ನಡೆದದ್ದನ್ನು ನಾನಂತೂ ಕಂಡಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಬಗ್ಗಿಸಿ, ಹೆಜ್ಜೆಗೊಮ್ಮೆ ನಿಂತು ನೆಲ ನೋಡುತ್ತಿದ್ದರು. ಗುರುತಿಲ್ಲದವರು ಪಾಪ ಏನೋ ಕಳೆದುಕೊಂಡಿದ್ದಾರೆಂದು ಕನಿಕರಪಟ್ಟು ತಾವೂ ಹುಡುಕತೊಡಗುತ್ತಿದ್ದರು. ಒಮ್ಮೆ ಮಾಲೂರು ಸ್ಟೇಷನ್ನಿನ ಹೊರಗೆ ಯಾವುದೋ ಪುಡಿಗಿಡದ ಮುಂದೆ ಮೇಷ್ಟ್ರು ಮಂಡಿಯೂರಿ ಕೂತರು. ನೋಡುನೋಡುತ್ತಿದ್ದಂತೆ ಗಾಡಿ ಹೊಡೆಯುವವರು, ಕಡಲೆಕಾಯಿ ಮಾರುವಾಕೆ, ಪೋರ್ಟರು ಎಲ್ಲರೂ ಬಗ್ಗಿ ನಿಂತರು. ಒಬ್ಬ ಮುದುಕ ತೆಲುಗಿನಲ್ಲಿ, "ಏಮಿ ಪೋಯಿಂದಿ ಸಾಮೀ?" ಎಂದ.

"ಏಮೀ ಪೋಲೇದು ನಾಯ್ನಾ. ಇಂಕಾ ದೊರಕಲೇದು, ಅಂತೇ."

ಕಳೆದದ್ದೇನಿಲ್ಲ, ಇನ್ನೂ ಸಿಕ್ಕಿಲ್ಲ ಅಷ್ಟೆ ಎಂದು ಸಮಾಧಾನ ಹೇಳಿ ಗಿಡವನ್ನು ಟೋಪಿಯೊಳಗಿಟ್ಟು ಹೊರಟೇಬಿಟ್ಟರು. ಆ ಮುದುಕ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಹುಡುಕುತ್ತಿದ್ದ.

ನಾನು ಬೆಂಗಳೂರಿಗೆ ಓದಲು ಹೋದಾಗ ನಮ್ಮ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗ ಇನ್ನೂ ಅಂಬೆಗಾಲಿಡುತ್ತಿತ್ತು. ಕೆಮಿಸ್ಟ್ರಿಯವರು ಬೇಡವೆಂದು ಬಿಟ್ಟ ಎರಡು ಕೋಣೆ, ಒಂದು ಮಾವಿನ ಮರ, ಗಾಜಿನ ಜಾಡಿಗಳ ಸಾಲು. ಜಾಡಿಗಳಲ್ಲಿದ್ದದ್ದೆಲ್ಲ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಬೇರು, ಹೂವು, ಕಾಯಿ. ನಾವು ಕಂಡರಿಯದ ಮರದ ಎಲೆಯ ಚಿತ್ರ ಬರೆದು ಅಂಕ ಪಡೆಯುತ್ತಿದ್ದೆವು. ಕಿಟಕಿಯಾಚೆಯ ಮಾವಿನ ಮರದ ಸುದ್ದಿ ಪಾಠದಲ್ಲಿ ಬರುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿ ಹುಟ್ಟಿ ಮಾವಿನ ತೋಪಿನಲ್ಲೇ ಬೆಳೆದ ಮೇಷ್ಟ್ರಿಗೆ ಇದು ಸೈರಣೆಯಾಗದ ಸಂಗತಿ. ಬಾಗಿಲು ಮುಚ್ಚಿದ್ದರೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದರು. ವರಾಂಡದಲ್ಲಿ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರರ ಬೂಟಿನ ಸದ್ದು ಕೇಳಿತೋ, ವಾಕ್ಯದ ನಡುವೆಯೇ ಇಂಗ್ಲಿಷಿಗೆ ಹಾರುತ್ತಿದ್ದರು. ಬೂಟು ದಾಟಿದ ಮೇಲೆ ಆ ವಾಕ್ಯ ಕನ್ನಡದಲ್ಲೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಯುದ್ಧ ಬಂತು. ಹಡಗುಗಳು ನಿಂತವು, ಜಾಡಿಗಳೂ ನಿಂತವು. ಪ್ರೊಫೆಸರರು ತಲೆಯ ಮೇಲೆ ಕೈಹೊತ್ತರೆ ಮೇಷ್ಟ್ರಿಗೆ ಒಳಗೊಳಗೇ ಖುಷಿ. "ಹಡಗು ಬರ್ದಿದ್ರೆ ಏನಂತೆ, ನಮ್ಮೂರಿನ ಬಸ್ಸು ಓಡಾಡ್ತದಲ್ಲ" ಎಂದು ನಮ್ಮನ್ನು ಕಟ್ಟಿಕೊಂಡು ಕೋಲಾರದ ಕಡೆಗೆ ಹೊರಡುತ್ತಿದ್ದರು. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ದಿಣ್ಣೆ ಬಂದರೆ ನಾವೆಲ್ಲ ಇಳಿದು ತಳ್ಳಬೇಕು. ಮೇಷ್ಟ್ರು ಮಾತ್ರ ತಳ್ಳುತ್ತಿರಲಿಲ್ಲ. ಬಸ್ಸು ನಿಂತಿತಲ್ಲ ಎಂದು ರಸ್ತೆ ಬದಿಯಲ್ಲಿ ಗಿಡ ನೋಡುತ್ತ ಹೋಗಿಬಿಡುತ್ತಿದ್ದರು. ದಿಣ್ಣೆ ಹತ್ತಿದ ಬಸ್ಸು ಅವರಿಗಾಗಿ ಕಾಯಬೇಕಾಗುತ್ತಿತ್ತು.

ಪ್ರೊಫೆಸರರಿಗೆ ಈ ತಿರುಗಾಟ ಹಿಡಿಸಲಿಲ್ಲ. ಅವರು ಕೆಟ್ಟವರೇನಲ್ಲ, ಆದರೆ ಇಂಗ್ಲೆಂಡಿನಲ್ಲಿ ಓದಿ ಬಂದವರು. ಸೂಕ್ಷ್ಮದರ್ಶಕದ ಮುಂದೆ ಕೂತು ಮಾಡುವುದೇ ಶಾಸ್ತ್ರ, ಉಳಿದದ್ದು ವನಭೋಜನ ಎಂಬ ನಂಬಿಕೆ. ಒಂದು ದಿನ ಮೇಷ್ಟ್ರನ್ನು ಕರೆದು, ಈ ವರ್ಷದ ಪ್ರವಾಸದಲ್ಲಿ ತೋರಿಸುವಂಥದ್ದೇನಾದರೂ ಸಿಕ್ಕರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷದಿಂದ ಯಾರೂ ಕೋಣೆ ಬಿಟ್ಟು ಹೋಗುವಂತಿಲ್ಲ ಎಂದರಂತೆ. ಪರೀಕ್ಷಿಸಲು ತಾವೇ ಮೋಟಾರಿನಲ್ಲಿ ಬರುವುದಾಗಿಯೂ ಹೇಳಿದರು. ಆ ವಾರ ಮೇಷ್ಟ್ರು ಸರಿಯಾಗಿ ಊಟ ಮಾಡಲಿಲ್ಲ.

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ ನನ್ನ ತಾಯಿಯ ತವರು. ಅಲ್ಲಿನ ಹಳೇ ಕೆರೆಯ ನೀರು ಹಿಂದೆ ಸರಿದು ಕೆಸರಂಚು ಹಸಿರಾಗುವ ಕಾಲ ನೋಡಿ ನಾವು ಐದಾರು ಜನ ಮೇಷ್ಟ್ರ ಜೊತೆ ಹೋದೆವು. ಗಿಡ ಒತ್ತುವ ಹಲಗೆ, ಕಾಗದದ ಕಟ್ಟುಗಳನ್ನೆಲ್ಲ ಪ್ರೊಫೆಸರರ ಮೋಟಾರಿಗೆ ಹಾಕಿದ್ದೆವು. ಮಧ್ಯಾಹ್ನ ಅವು ಬರುವವರೆಗೆ ಕಿತ್ತದ್ದನ್ನು ಒದ್ದೆ ಟವಲಿನಲ್ಲಿ ಸುತ್ತಿಡುವುದೆಂದಾಯಿತು.

ಬಿಸಿಲೇರುವ ಮುಂಚೆಯೇ ಮೇಷ್ಟ್ರು ಕೆಸರಿನಲ್ಲಿ ಕೂತುಬಿಟ್ಟರು. ಅವರ ಮುಂದೆ ಒಂದು ಚಾಪೆಯಗಲ ಹಬ್ಬಿದ್ದ ಕನ್ನೆ ಗಿಡ. ಕನ್ನೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನೀಲಿ ಹೂವು, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಇದರ ಹೂವು ಮಾತ್ರ ಕೆನೆಬಣ್ಣ, ಎಸಳಿನ ಅಂಚು ಹರಿದಂತೆ. ಮೇಷ್ಟ್ರು ಮಸೂರ ಹಿಡಿದು ನೋಡಿದರು, ನಮ್ಮ ಕೈಗೆ ಕೊಟ್ಟು ನೋಡಿಸಿದರು.

"ಲೇ ನಾರಾಯಣ, ಇದು ಯಾವ ಪುಸ್ತಕದಲ್ಲೂ ಇಲ್ಲ ಕಣೋ" ಎಂದು ನನಗೆ ಹೇಳಿದರು. ಸ್ವಲ್ಪ ಕಿತ್ತುಕೊಂಡು ಉಳಿದದ್ದನ್ನು ನೆಲಕ್ಕೆ ಬಿಡಬೇಕೆಂದು ನಮಗೆ ದಿನವೂ ಪಾಠ ಹೇಳುತ್ತಿದ್ದವರು, ಪ್ರೊಫೆಸರರಿಗೆ ಕಡಿಮೆ ಬೀಳಬಾರದೆಂದು ಒಂದು ಕಡ್ಡಿ ಬಿಡದೆ ಕಿತ್ತರು.

ಟವಲಿನ ಗಂಟನ್ನು ಅಜ್ಜಿಯ ಮನೆ ಜಗಲಿಯ ನೆರಳಿನಲ್ಲಿಟ್ಟು ಬಾವಿಗೆ ಸ್ನಾನಕ್ಕೆ ಹೋದೆವು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಹೊಲದ ಕಡೆಯಿಂದ ಮನೆಗೆ ಬರುವವರು ಬರಿಗೈಲಿ ಬರುವುದಿಲ್ಲ. ಬದುವಿನಲ್ಲಿ ಸಿಕ್ಕ ಅಣ್ಣೆ, ಗೋಣಿ, ಗಣಿಕೆ, ಕನ್ನೆ ಸೊಪ್ಪೆಲ್ಲವನ್ನೂ ಒಂದು ಮಡಿಲು ಕಿತ್ತು ತಂದು ಜಗಲಿಯ ಮೇಲಿಡುತ್ತಾರೆ. ಮನೆಯಾಕೆ ಕೇಳದೆಯೇ ಅದನ್ನು ಒಳಗೊಯ್ದು ಬೇಳೆಯ ಜೊತೆ ಬೇಯಿಸಿ ಮಸೆಗೋಲಿನಿಂದ ನುಣ್ಣಗೆ ಮಸೆಯುತ್ತಾಳೆ. ಅದೇ ಬೆರಕೆ ಸೊಪ್ಪಿನ ಸಾರು.

ಸ್ನಾನ ಮುಗಿಸಿ ಬಂದಾಗ ಎಲೆ ಹಾಕಿತ್ತು. ವಾರದಿಂದ ಊಟ ಸೇರದಿದ್ದ ಮೇಷ್ಟ್ರು ಅವತ್ತು ಹಬ್ಬದವರಂತೆ ಕೂತರು. ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈಹಾಕಿ, ಇಂಥ ಸಾರು ಬೆಂಗಳೂರಿನಲ್ಲಿ ಕನಸಿನಲ್ಲೂ ಸಿಕ್ಕದೆಂದು ಹೊಗಳಿದರು. ಅಜ್ಜಿಗೂ ಹೊಗಳುವುದಿತ್ತು. "ಪಟ್ಣದೋರು ಅಂದ್ರೆ ಬರಿಗೈಲಿ ಬರ್ತಾರೆ ಅಂದ್ಕೊಂಡಿದ್ದೆ. ನೀವು ಎಷ್ಟು ಎಳೇ ಸೊಪ್ಪು ತಂದಿದ್ರಿ ಸ್ವಾಮಿ. ಬಿಡಿಸೋ ಕೆಲಸಾನೇ ಇರ್ಲಿಲ್ಲ."

ಮೇಷ್ಟ್ರ ಕೈ ಬಾಯಿಗೂ ಎಲೆಗೂ ನಡುವೆ ನಿಂತಿತು. ಕನ್ನೆ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು.

"ಅಯ್ಯೋ, ನಿಮ್ಮೆಲೆ ಮೇಲೇ ಐತಲ್ಲ."

ಮೇಷ್ಟ್ರು ಸಾರನ್ನು ನೋಡಿದರು, ಅಜ್ಜಿಯ ಮುಖ ನೋಡಿದರು. ಅವಳು ಸೌಟು ಹಿಡಿದು ಸಂತೋಷವಾಗಿ ನಿಂತಿದ್ದಳು.

"ಅಮ್ಮಾ, ಇನ್ನೊಂದು ಸೌಟು ಬಿಡಿ" ಎಂದರು.

ಕೈತೊಳೆದವರೇ ಕೆರೆಗೆ ಓಡಿದೆವು. ಅಂಚಿನುದ್ದಕ್ಕೂ ಕನ್ನೆಯೇನೋ ಬೇಕಾದಷ್ಟಿತ್ತು, ಹೂವೆಲ್ಲ ಮುದುಡಿತ್ತು. ಯಾವುದು ಕೆನೆ, ಯಾವುದು ನೀಲಿ, ಬಿಡಿಸಿ ನೋಡಿದರೂ ತಿಳಿಯದು. ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಮೋಟಾರಿನ ಧೂಳೆದ್ದಿತು. ನನ್ನ ಗೆಳೆಯನೊಬ್ಬ, ಮೇಕೆ ಮೇಯ್ದುಬಿಟ್ಟಿತು ಎಂದು ಹೇಳೋಣವೆಂದ. "ಮೇಕೆ ಏನ್ಲಾ ಮಾಡ್ತು ಪಾಪ" ಎಂದು ಮೇಷ್ಟ್ರು ಪಂಚೆಯ ಕೆಸರು ಒರೆಸಿಕೊಂಡು ಏರಿ ಹತ್ತಿದರು. ಹತ್ತುವಾಗ ನನ್ನ ಭುಜ ಹಿಡಿದು, "ನಿಮ್ಮಜ್ಜಿಗೆ ಈ ವಿಷಯ ತಿಳೀಬಾರ್ದು ಕಣೋ. ಅನ್ನ ಹಾಕಿದ ಕೈ ಅದು" ಎಂದರು.

ಹಾಗಾಗಿ ಮೋಟಾರು ನೋಡಲು ನೆರೆದ ಊರವರಿಗೆ ತಿಳಿಯದಂತೆ, ನಡೆದದ್ದನ್ನೆಲ್ಲ ಪ್ರೊಫೆಸರರಿಗೆ ಇಂಗ್ಲಿಷಿನಲ್ಲೇ ಒಪ್ಪಿಸಿದರು. ತಾವು ಬೇರು ಸಹಿತ ಕಿತ್ತದ್ದನ್ನೂ ಬಿಡಲಿಲ್ಲ. ಪ್ರೊಫೆಸರರು ಟೋಪಿ ತೆಗೆದು ಕೆರೆ ನೋಡುತ್ತ ನಿಂತರು. ಮುಗಿಯಿತು ನಮ್ಮ ತಿರುಗಾಟ ಎಂದುಕೊಂಡೆ. ಕೊನೆಗೆ ಅವರು ಕೇಳಿದ್ದು ಒಂದೇ: ಪಾತ್ರೆಯಲ್ಲಿ ಏನಾದರೂ ಉಳಿದಿದೆಯೇ?

ಇತ್ತು. ಸೂಟು ತೊಟ್ಟ ಪ್ರೊಫೆಸರರು ಅಜ್ಜಿಯ ಮನೆಯ ನೆಲದ ಮೇಲೆ ಕೂತು, ಸಾರಿನೊಳಗಿನ ಹಸಿರನ್ನು ಎಲೆಯಂಚಿಗೆ ತೆಗೆದು ಮಸೂರ ಹಿಡಿದರು. ಅಜ್ಜಿಯ ಮಸೆಗೋಲು ಏನನ್ನೂ ಉಳಿಸಿರಲಿಲ್ಲ. ನಮ್ಮ ಸಾರಿನಲ್ಲಿ ಹುಳ ಹುಡುಕುತ್ತಾರಲ್ಲ ಎಂದು ಅಜ್ಜಿ ಮುಖ ಸಣ್ಣದು ಮಾಡಿಕೊಂಡಳು. ಪ್ರೊಫೆಸರರು ಅದನ್ನು ಗಮನಿಸಿ ಮಸೂರ ಜೇಬಿಗಿಟ್ಟರು, ಮುದ್ದೆ ಮುರಿದರು. ನುಂಗಲು ಬಾರದೆ ಅಗಿದೇ ತಿಂದರು, ಆದರೂ ಪೂರ್ತಿ ತಿಂದರು. ಎದ್ದ ಮೇಲೆ ಮೇಷ್ಟ್ರಿಗೆ ಹೇಳಿದರು: ಬೀಜ ಉದುರಿರಬಹುದು, ಮುಂದಿನ ವರ್ಷ ಇದೇ ಸಮಯಕ್ಕೆ ಬರೋಣ, ನಾನೂ ಬರುತ್ತೇನೆ, ಬೆಳಿಗ್ಗೆ ಹೂವಿರುವಾಗಲೇ.

ಮುಂದಿನ ವರ್ಷ ಬಂದರು, ಅದರ ಮರುವರ್ಷವೂ ಬಂದರು. ಕೆನೆಬಣ್ಣದ ಕನ್ನೆ ಸಿಗಲಿಲ್ಲ. ಅದನ್ನು ಹುಡುಕುತ್ತ ಹುತ್ತೂರಿನ ಹೊಲಗಳು, ಕೋಲಾರದ ಬೆಟ್ಟದ ಬಂಡೆಸಂದುಗಳು, ಶ್ರೀನಿವಾಸಪುರದ ತೋಪುಗಳು ಎಲ್ಲವನ್ನೂ ತಿರುಗಿದೆವು. ಬೇರೆ ಸಾವಿರ ಗಿಡ ಸಿಕ್ಕವು. ಇಂಗ್ಲೆಂಡಿನ ಜಾಡಿಗಳು ಮೂಲೆಗೆ ಸರಿದು, ನಮ್ಮ ಊರುಗಳ ಗಿಡಗಳಿಗೆ ಬೀರುಗಳು ಬಂದವು. ಯುದ್ಧ ಮುಗಿದು ಹಡಗುಗಳು ಮತ್ತೆ ಬರತೊಡಗಿದಾಗ ಜಾಡಿ ತರಿಸುವ ಮಾತನ್ನು ಯಾರೂ ಎತ್ತಲಿಲ್ಲ. ಅಜ್ಜಿಯಂತೂ, ತನ್ನ ಸಾರಿಗೆ ಮರುಳಾಗಿ ಬೆಂಗಳೂರಿನಿಂದ ಮೇಷ್ಟ್ರುಗಳು ವರ್ಷಕ್ಕೊಮ್ಮೆ ಬರುತ್ತಾರೆಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ಮೇಷ್ಟ್ರನ್ನು ಕೊನೆಯ ಸಲ ಕಂಡದ್ದು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ. ಕೆಲಸದಿಂದ ನಿವೃತ್ತರಾಗಿ, ಹಾಸಿಗೆ ಸುರುಳಿ ಕಟ್ಟಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದ್ದರು. ಉಸಿರಾಟದ ತೊಂದರೆ, ಮಾತು ತುಂಡುತುಂಡಾಗಿ ಬರುತ್ತಿತ್ತು. ಅವರ ಜಾಗಕ್ಕೆ ವಿಭಾಗದವರು ನನ್ನನ್ನು ತೆಗೆದುಕೊಂಡಿದ್ದರು. ಎಷ್ಟೋ ವರ್ಷದಿಂದ ಬಾಯಲ್ಲಿದ್ದ ಪ್ರಶ್ನೆಯನ್ನು ಕಿಟಕಿಯ ಕಂಬಿ ಹಿಡಿದು ಕೇಳಿದೆ: ಅದು ನಿಜವಾಗಿ ಹೊಸ ಗಿಡವೇ ಆಗಿತ್ತೇ?

"ಬರೀ ಕನ್ನೇನೇ ಇರ್ಬೋದು ಕಣೋ. ಕೆಸರಿನಲ್ಲಿ ಬಣ್ಣ ಕೆಟ್ಟಿರ್ಬೋದು" ಎಂದು ನಕ್ಕರು. "ಅವತ್ತು ಕಾಗದಕ್ಕೆ ಒತ್ತಿದ್ದಿದ್ರೆ ಸಾಯಂಕಾಲಕ್ಕೇ ಗೊತ್ತಾಗಿಬಿಡೋದು. ಪ್ರೊಫೆಸರು ಮೋಟಾರು ತಿರುಗಿಸ್ಕೊಂಡು ಹೋಗಿಬಿಡೋರು. ನಿಮ್ಮಜ್ಜಿ ಬೇಯಿಸಿದ್ರಿಂದ ಉಳ್ಕೊಂಡ್ವಿ."

ಬಸ್ಸು ಹೊರಟಿತು. ಆ ಚಳಿಗಾಲ ಅವರು ತೀರಿಕೊಂಡ ಸುದ್ದಿ ಬಂದಾಗ ಕೆರೆಯ ನೀರು ಹಿಂದೆ ಸರಿಯುತ್ತಿತ್ತು. ಹೊಸ ಹುಡುಗರನ್ನು ಕರೆದುಕೊಂಡು ದೇವರಾಯಸಮುದ್ರಕ್ಕೆ ಹೋದೆ. ಅಜ್ಜಿ ಬಾಗಿಲಲ್ಲಿ ನಿಂತು ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದಳು. ಹೇಳಿದೆ. ಅವಳು ಒಳಗೆ ಹೋಗಿ ಎಲೆ ಹಾಕಿದಳು. ಒಂದು ಎಲೆ ಹೆಚ್ಚಿತ್ತು.